ನಾಲಿಗೆ ತುದಿಯಲ್ಲಿ ನಿಂತ ಹೆಸರು: ನನ್ನ ಅನುಭವ

ಅರವತ್ತು ದಾಟಿದ ಮೇಲೆ ನನಗೆ ಮೊದಲು ಕೈಕೊಟ್ಟಿದ್ದು ಹೆಸರುಗಳು. ಎದುರಿಗಿರುವವರ ಕೆಲಸ ಗೊತ್ತು, ಮೊದಲು ಎಲ್ಲಿ ಸಿಕ್ಕಿದ್ದರು ಅನ್ನೋದೂ ಗೊತ್ತು. ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಪಕ್ಕದವರು ಹೇಳಿದರೆ ಸಾಕು, 'ಹೌದು, ಅವರೇ!' ಅಂತ ಥಟ್ಟನೆ ಹೊಳೆಯುತ್ತದೆ. ಅಂದರೆ ಹೆಸರು ತಲೆಯಲ್ಲೇ ಇದೆ, ಬೇಕೆಂದಾಗ ಹೊರಗೆ ಬರುತ್ತಿಲ್ಲ ಅಷ್ಟೇ.

1966ರಲ್ಲಿ ಶೋನ್‌ಫೀಲ್ಡ್ ಮತ್ತು ರಾಬರ್ಟ್‌ಸನ್ ಎಂಬ ಮನೋವಿಜ್ಞಾನ ಸಂಶೋಧಕರು ತೋರಿಸಿದ್ದೂ ಇದನ್ನೇ. ಓದಿದ ಪದಗಳನ್ನು ತಾವಾಗಿ ನೆನಪಿಸಿಕೊಂಡು ಹೇಳುವುದು ವಯಸ್ಸಾದಂತೆ ಕಷ್ಟವಾಯಿತು. ಅದೇ ಪದಗಳನ್ನು ಬೇರೆ ಪದಗಳ ನಡುವೆ ಇಟ್ಟಾಗ ಹಿರಿಯರೂ ಹೆಚ್ಚುಕಮ್ಮಿ ಕಿರಿಯರಷ್ಟೇ ಚೆನ್ನಾಗಿ ಗುರುತಿಸಿದರು. ಇದನ್ನು ಓದಿದಾಗ ನನಗೆ ಎಷ್ಟೋ ಧೈರ್ಯ ಬಂತು.

ಹೆಸರು ಸಿಗದಿದ್ದಾಗ ನಾನು ಕಾಗುಣಿತ ಹಿಡಿಯುತ್ತೇನೆ. ಮೆಲ್ಲಗೆ ಕ, ಕಾ, ಕಿ, ಕೀ ಅಂತ ಹೇಳಿಕೊಳ್ಳುತ್ತಾ ಹೋಗುತ್ತೇನೆ. 'ಸು'ಗೆ ಬಂದಾಗ ಎಲ್ಲೋ ಸಣ್ಣಗೆ ಮಿಡಿದಂತಾಗುತ್ತದೆ. ಒಂದು ಕ್ಷಣ ಅಲ್ಲೇ ನಿಂತರೆ ಪೂರ್ತಿ ಹೆಸರು ತಾನಾಗಿ ಬರುವುದುಂಟು. ಹೆಸರಿನ ಅರ್ಥ ಯೋಚಿಸುವುದಕ್ಕಿಂತ ಮೊದಲ ಅಕ್ಷರದ ಸದ್ದೇ ಇಲ್ಲಿ ಜಾಸ್ತಿ ಕೆಲಸ ಮಾಡುತ್ತದೆ.

ಆದರೆ ಸುಮ್ನೆ ಗುದ್ದಾಡುತ್ತಾ ಕೂರುವುದಿಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದ್ದರು. 10 ಸೆಕೆಂಡಿಗೇ ಉತ್ತರ ಹೇಳಿಕೊಟ್ಟ ಪದಗಳಿಗಿಂತ, 30 ಸೆಕೆಂಡ್ ಒದ್ದಾಡಲು ಬಿಟ್ಟ ಪದಗಳಲ್ಲೇ ಅವರು ಮುಂದೆ ಮತ್ತೆ ಜಾಸ್ತಿ ಸಿಕ್ಕಿಬಿದ್ದರು. ಸಿಕ್ಕಿಹಾಕಿಕೊಳ್ಳುವುದೇ ಅಭ್ಯಾಸವಾಗುತ್ತದೆ, ಅಲ್ವಾ? ಅದಕ್ಕೆ ಸ್ವಲ್ಪ ಹೊತ್ತು ನೋಡಿ ಯಾರನ್ನಾದರೂ ಕೇಳಿಬಿಡುತ್ತೇನೆ. ಕೇಳಿದ ಮೇಲೆ ಹೆಸರನ್ನು ಬಾಯಿಬಿಟ್ಟು ಹೇಳುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ನಾನೇ ನೆನಪಿಸಿಕೊಳ್ಳುತ್ತೇನೆ, ಮಲಗುವ ಮುಂಚೆ ಮತ್ತೊಮ್ಮೆ.

ಹೊಸಬರ ಪರಿಚಯವಾದಾಗಲೂ ಹೀಗೇ. ಬರೆದಿಟ್ಟ ಹೆಸರನ್ನು ಮತ್ತೆ ಮತ್ತೆ ಓದುವುದನ್ನು ಬಿಟ್ಟಿದ್ದೇನೆ. ಚೀಟಿ ಮುಚ್ಚಿಟ್ಟು, ಮುಖ ನೆನೆದು, ಹೆಸರು ಹೇಳಲು ನೋಡುತ್ತೇನೆ. ಬರದಿದ್ದರೆ ಮಾತ್ರ ಚೀಟಿ ತೆಗೆಯುತ್ತೇನೆ. ಹೊಸ ಮುಖಕ್ಕೆ ಹೊಸ ಹೆಸರು ಅಂಟಿಸುವುದು ವಯಸ್ಸಾದ ಮೇಲೆ ನಿಜಕ್ಕೂ ಕಷ್ಟದ ಕೆಲಸ, ಹಾಗಾಗಿ ಇಲ್ಲಿ ತಾಳ್ಮೆ ಬೇಕು.

ಮಾತ್ರೆ ನುಂಗುವಂಥ ಕೆಲಸಕ್ಕೆ ನೆನಪನ್ನೇ ನಂಬುವುದಿಲ್ಲ. ಡಬ್ಬಿ ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇರುತ್ತದೆ.

ನನ್ನ ವಯಸ್ಸಿನ ಗೆಳೆಯರಿಗೆ ಒಂದು ಮಾತು ಹೇಳುತ್ತಿರುತ್ತೇನೆ. ಹೆಸರು ತಡವಾಗಿ ಬಂದರೆ ಗಾಬರಿ ಬೇಡ. ಆದರೆ ನಿನ್ನೆ ಆಡಿದ ಮಾತನ್ನು ಯಾರಾದರೂ ನೆನಪಿಸಿದರೂ ಸುಳಿವೇ ಸಿಗುತ್ತಿಲ್ಲ, ಅದು ಪದೇ ಪದೇ ಆಗುತ್ತಿದೆ ಅಂದರೆ ತಡಮಾಡದೆ ವೈದ್ಯರಿಗೆ ತೋರಿಸಿ.