ನವೆಂಬರ್‌ನಲ್ಲಿ ಅಜ್ಜ-ಅಜ್ಜಿಯರನ್ನು ಬ್ಯಾಂಕ್ ಸಾಲಿನಲ್ಲಿ ನಿಲ್ಲಿಸಬೇಡಿ
ನಾನು ಮೈಸೂರಿನ ಕುವೆಂಪುನಗರದಲ್ಲಿದ್ದೇನೆ, ಈಗ ಕೆಲಸ ಹುಡುಕುತ್ತಿದ್ದೇನೆ. ಬೆಳಗ್ಗೆ ಅರ್ಜಿ ಹಾಕುವುದು, ಸಂಜೆ ಅಕ್ಕಪಕ್ಕದ ಹಿರಿಯರ ಫೋನ್ ಸರಿಮಾಡಿಕೊಡುವುದು. ಪಿಂಚಣಿ ನಿಲ್ಲದಿರಲು ಹಿರಿಯರು ವರ್ಷಕ್ಕೊಮ್ಮೆ, ಹೆಚ್ಚಿನವರು ನವೆಂಬರ್‌ನಲ್ಲಿ, ತಾವು ಬದುಕಿದ್ದೇವೆ ಎಂದು ಜೀವನ ಪ್ರಮಾಣ ಪತ್ರ ಕೊಡಬೇಕು. ಹೋದ ವಾರ ಎದುರು ಮನೆ ಅಜ್ಜಿಯ ಪತ್ರವನ್ನು ನನ್ನ ಫೋನಿನಲ್ಲೇ ಮಾಡಿಕೊಟ್ಟೆ. ನೀವೂ ಮಾಡಬಹುದು.

ಪ್ಲೇ ಸ್ಟೋರ್‌ನಿಂದ ಎರಡು ಆ್ಯಪ್ ಬೇಕು: ಆಧಾರ್ ಫೇಸ್ ಆರ್‌ಡಿ, ಜೀವನ್ ಪ್ರಮಾಣ್. ಮೊದಲು ಆಪರೇಟರ್, ಅಂದರೆ ಮಾಡಿಕೊಡುವವರು, ಅಂತ ನಿಮ್ಮ ಮುಖ ತೋರಿಸಬೇಕು. ಆಮೇಲೆ ಹಿರಿಯರದ್ದು. ಆಧಾರ್, ಪಿಪಿಒ (ಪಿಂಚಣಿ ಆದೇಶದ) ನಂಬರ್, ಬ್ಯಾಂಕ್ ಖಾತೆ ನಂಬರ್ ಮೊದಲೇ ತೆಗೆದಿಡಿ.

ಅಜ್ಜಿಯ ಮುಖ ಮೂರು ಸಲ ಹಿಡಿಯಲೇ ಇಲ್ಲ. ಟ್ಯೂಬ್‌ಲೈಟ್ ಬೆನ್ನ ಹಿಂದಿತ್ತು. ಕನ್ನಡಕ ತೆಗೆಸಿ, ಜಗುಲಿಯಲ್ಲಿ ಬೆಳಕಿನ ಕಡೆ ಮುಖ ಮಾಡಿ ಕೂರಿಸಿದೆ. 'ಅಜ್ಜಿ, ಒಂದ್ಸಲ ಕಣ್ಣು ಮಿಟುಕಿಸಿ' ಅಂದೆ. ತಕ್ಷಣ ಆಯಿತು. ಕೊನೆಗೆ ಬರುವ ಪ್ರಮಾಣ್ ಐಡಿಯನ್ನು, ಅಂದರೆ ಆ ಪತ್ರದ ನಂಬರನ್ನು, ಪಾಸ್‌ಬುಕ್ ಹಿಂದೆ ಬರೆದುಕೊಡಿ.

ಇಪಿಎಫ್ ಪಿಂಚಣಿಯವರು ನವೆಂಬರ್‌ಗೇ ಕಾಯಬೇಕಿಲ್ಲ. ಯಾವ ತಿಂಗಳು ಕೊಟ್ಟರೂ ಒಂದು ವರ್ಷ ನಡೆಯುತ್ತದೆ. ಕೇಂದ್ರ ಸರ್ಕಾರದ ಪಿಂಚಣಿಯವರಿಗೆ 80 ದಾಟಿದ್ದರೆ ಅಕ್ಟೋಬರ್ 1ರಿಂದಲೇ ಕೊಡಬಹುದು.

ಒಂದು ಮಾತು, ದಯವಿಟ್ಟು ಮರೆಯಬೇಡಿ. ಇದನ್ನು ಮಾಡುವಾಗ ಫೋನಿಗೆ ಬರುವ ಒಟಿಪಿಯನ್ನು ಹಿರಿಯರೇ ಓದಿ, ಅವರೇ ಒತ್ತಲಿ. ತಡವಾದರೂ ಪರವಾಗಿಲ್ಲ. ನಾವು ಕೈಯಿಂದ ಕಿತ್ತುಕೊಂಡು ಒತ್ತಿದರೆ, ನಾಳೆ ಫೋನ್ ಮಾಡಿ ಕೇಳುವ ಕಳ್ಳನಿಗೂ ಹಾಗೇ ಕೊಟ್ಟುಬಿಡುತ್ತಾರೆ, ಅಲ್ವಾ? ಹಣ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು ಅಂತಲೂ ಅದೇ ಪಾಸ್‌ಬುಕ್‌ನಲ್ಲಿ ದಪ್ಪಗೆ ಬರೆದುಕೊಡಿ.