ಸ್ಟಾಫಿಯ ಕಾಲು ಒರೆಸುವುದಕ್ಕೂ ಒಂದು ಕ್ರಮ ಇದೆ

ಮಳೆಯಲ್ಲಿ ತಿರುಗಾಡಿಸಿಕೊಂಡು ಬಂದ ನಾಯಿಯ ಕಾಲಿಗೆ ಬಾಗಿಲಲ್ಲೇ ಟವೆಲ್ ಮುಟ್ಟಿಸಿ, "ಆಯ್ತು ಆಂಟಿ" ಅಂತ ಒಳಗೆ ಬಿಡುವವರನ್ನು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತೆ. ಆಮೇಲೆ ಅದು ರಾತ್ರಿಯಿಡೀ ಪಾದ ನೆಕ್ಕಿ ನೆಕ್ಕಿ, ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದಾಗ ಫೋನು ಹಿಡಿದು ಕಾರಣ ಹುಡುಕುತ್ತಾ ಕೂರುತ್ತಾರೆ.

ನಾವಿರುವ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಕಡೆ ಸ್ಟಾಫಿ, ಅಂದರೆ ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್, ಊರಿನದೇ ನಾಯಿ. ಗಣಿ, ಕುಲುಮೆ ಕೆಲಸದವರ ಮನೆಗಳಲ್ಲಿ ಬೆಳೆದ ತಳಿ. 1935ರಲ್ಲಿ ನಾಯಿ ತಳಿಗಳನ್ನು ದಾಖಲಿಸುವ ಕೆನಲ್ ಕ್ಲಬ್ ಇದನ್ನು ತಳಿಯಾಗಿ ಒಪ್ಪಿಕೊಂಡಿತು, ಅದೇ ವರ್ಷ ಇಲ್ಲೇ ಹತ್ತಿರದ ಕ್ರ್ಯಾಡ್ಲಿ ಹೀತ್‌ನ ಪಬ್ಬೊಂದರಲ್ಲಿ ಇದರ ಸಂಘವೂ ಶುರುವಾಯಿತು. ಅದಕ್ಕೆ ಮುಂಚೆ ಕಾಳಗಕ್ಕೆ ಸಾಕುತ್ತಿದ್ದರು. ಹಾಗಾಗಿ ಜನರ ಮೈಮೇಲೇ ಬಿದ್ದು ಮುದ್ದು ಮಾಡುವ ಇದು, ಬೇರೆ ನಾಯಿ ಕೆಣಕಿದರೆ ಸುಮ್ಮನಿರುವ ಜಾತಿಯಲ್ಲ. ನೋಡಲು ಗಿಡ್ಡ, ಗಂಡು ನಾಯಿ ತೂಗಿದರೆ 13ರಿಂದ 17 ಕೆಜಿ. ಎಳೆದರೆ ಮಾತ್ರ ನಿಮ್ಮ ಭುಜ ಕಳಚಿ ಕೈಗೆ ಬರುತ್ತೆ. ಕತ್ತಿನ ಪಟ್ಟಿ ಹಿಡಿದು ಜಗ್ಗಾಡುವ ಬದಲು ಎದೆಗೆ ಹಾಕುವ ಹಾರ್ನೆಸ್ ತನ್ನಿ. ಇಲ್ಲಿಯವರು 'ದಾದಿ ನಾಯಿ' ಅನ್ನುತ್ತಾರೆ ಅಂತ ಕೂಸನ್ನು ಅದರ ಜೊತೆ ಬಿಟ್ಟು ಅಡುಗೆಮನೆಗೆ ಹೋಗುವುದೂ ಬೇಡ.

ಈಗ ಕಾಲಿಗೆ ಬರೋಣ. ಮೊದಲು ಕಾಲು ತೊಳೆಯಿರಿ. ನೀರು ಉಗುರುಬೆಚ್ಚಗಿರಲಿ, ಕೂಸಿಗೆ ನೋಡುವ ಹಾಗೆ ಮಣಿಕಟ್ಟಿನ ಮೇಲೆ ಹಾಕಿ ನೋಡಿ. ಸೋಪು, ಡೆಟಾಲು ಏನೂ ಬೇಡ, ನೆಕ್ಕಿದರೆ ಹೊಟ್ಟೆಗೆ ಹೋಗುತ್ತೆ. ಒರೆಸುವ ಬಟ್ಟೆ ಅಂದರೆ ಒಗೆದೊಗೆದು ಮೆತ್ತಗಾದ ಹಳೇ ಪಂಚೆಯೇ ಆಗಬೇಕು. ದಪ್ಪ ಟವೆಲ್ ಬೆರಳ ಸಂದಿಗೆ ಇಳಿಯುವುದೇ ಇಲ್ಲ. ಪಂಚೆಯ ತುದಿಯನ್ನು ದೀಪದ ಬತ್ತಿಯ ಹಾಗೆ ಹೊಸೆದುಕೊಳ್ಳಿ. ಹಿಂಗಾಲಿನಿಂದ ಶುರುಮಾಡಿ, ಮುಂಗಾಲು ಹಿಡಿದರೆ ಇವಕ್ಕೆ ಇರಿಸುಮುರಿಸು. ಅಂಗಾಲಿನ ಮೆತ್ತೆಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಬೆರಳು ತಾನಾಗೇ ಅಗಲವಾಗುತ್ತೆ, ಆಗ ಬತ್ತಿಯನ್ನು ಕೆಳಗಿನಿಂದ ತೂರಿಸಿ, ಒಂದು ಗಳಿಗೆ ಒತ್ತಿ ಹಿಡಿದು, ಎಳೆದು ತೆಗೆಯಿರಿ. ಉಜ್ಜಬೇಡಿ. ಒಂದೊಂದು ಸಂದಿಗೂ ಬಟ್ಟೆಯ ಒಣ ಜಾಗ ಬರಬೇಕು. ಆಮೇಲೆ ಪಾದ ತಿರುಗಿಸಿ ಬೆಳಕಿಗೆ ಹಿಡಿದು ನೋಡಿ. ಚಳಿಗಾಲದಲ್ಲಿ ರಸ್ತೆಗೆ ಹಾಕಿದ ಉಪ್ಪು ಸಿಕ್ಕಿಕೊಂಡಿರುತ್ತೆ. ಬೇಸಿಗೆಯಲ್ಲಿ ಚೂಪು ಮೂತಿಯ ಹುಲ್ಲಿನ ಬೀಜ, ಅದು ಚರ್ಮದೊಳಗೇ ಕೊರೆದುಕೊಂಡು ಹೋಗುವ ಪೀಡೆ. ನಾಲ್ಕೂ ಕಾಲು ಮುಗಿದ ಮೇಲೆಯೇ ಕ್ಯಾರೆಟ್ ಚೂರು, ಮೊದಲೇ ಕೊಟ್ಟರೆ ಎದ್ದು ಓಡುತ್ತೆ.

ಸಕಲೇಶಪುರದ ತೋಟದ ಮನೆಯಲ್ಲಿ ಅಮ್ಮ ಸಂಜೆ ಜಗಲಿಯಲ್ಲಿ ಕೂತು ನಾಯಿಯ ಕಾಲಿನಿಂದ ಜಿಗಣೆ, ಉಣುಗು ಬಿಡಿಸುತ್ತಿದ್ದಳು. ಹೊಸಿಲು ಮಾತ್ರ ದಾಟಲು ಬಿಟ್ಟವಳಲ್ಲ. ಇಲ್ಲಿ ನಮ್ಮದು ಹೊದಿಕೆಯೊಳಗೇ ನುಗ್ಗಿ ಮಲಗುತ್ತೆ, ಅಮ್ಮ ನೋಡಿದ್ದರೆ ನನ್ನನ್ನೂ ಹೊರಗೆ ಮಲಗಿಸುತ್ತಿದ್ದಳು.

ಅಂದಹಾಗೆ, ಆ ಕಾಲೊರೆಸುವ ಪಂಚೆ ಒಗೆಯುವಾಗ ಘಮಘಮ ಅನ್ನಲಿ ಅಂತ ಫ್ಯಾಬ್ರಿಕ್ ಕಂಡೀಷನರ್ ಸುರಿಯಬೇಡಿ. ಮೈ ಒರೆಸುವ ಟವೆಲಿಗೂ ಬೇಡ, ನೀರು ಹೀರುವುದನ್ನೇ ಮರೆಯುತ್ತೆ. ನನ್ನ ಸೊಸೆಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಇಷ್ಟು ಮಾಡಿದರೂ ಸಂದಿ ಕೆಂಪಾಗಿದ್ದರೆ, ಕುಂಟಿದರೆ, ಅರಿಶಿನ ಮೆತ್ತಿ ಕಾಯಬೇಡಿ, ವೆಟ್ ಹತ್ತಿರ ಹೋಗಿ. ಈ ತಳಿಗೆ ಚರ್ಮದ ಅಲರ್ಜಿ ಜಾಸ್ತಿ. ಮೊಸರನ್ನ ಒಂದು ತುತ್ತು ಕೊಟ್ಟರೆ ತೊಂದರೆಯಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಪಾಯಸದ ದ್ರಾಕ್ಷಿ ಮಾತ್ರ ವಿಷ. ಹಬ್ಬಕ್ಕೆ ಬಂದ ನೆಂಟರಿಗೆ ಇದನ್ನು ಊಟಕ್ಕೆ ಕೂರುವ ಮೊದಲೇ ಹೇಳಿಬಿಡಿ, ಕೈ ತಡೆಯದೆ ಮೇಜಿನ ಕೆಳಗೆ ಹಾಕುವವರು ಅವರೇ.

ಕಾಲುವೆ ದಂಡೆಯಲ್ಲಿ ಚೆಂಡೆಸೆದು ಆಡಿಸುವವರಿಗೂ ಒಂದು ಮಾತು: ಈ ಗಟ್ಟಿ ಮೈಯಿನ ಗಿಡ್ಡ ಕಾಲಿನ ನಾಯಿ ಲ್ಯಾಬ್ರಡಾರ್ ಥರ ಸಲೀಸಾಗಿ ಈಜುವುದಿಲ್ಲ. ದಂಡೆ ನೆಟ್ಟಗಿರುತ್ತೆ, ಹತ್ತಿ ಬರಲೂ ಆಗುವುದಿಲ್ಲ. ಲೈಫ್ ಜಾಕೆಟ್ ಹಾಕಿ, ಇಲ್ಲವೇ ಚೆಂಡನ್ನು ಮನೆಯಲ್ಲೇ ಬಿಟ್ಟು ಬನ್ನಿ.