ಎರಡು ಪುಟದ ಟಿಪ್ಪಣಿ ಬಜೆಟ್‌ಗೆ ಸೇರಿದ ಬಗೆ

ತೆರಿಗೆ ಸುಧಾರಣೆಯನ್ನು ಎರಡು ಪುಟದಲ್ಲಿ ಬರೆಯುತ್ತಾರಂತೆ ಎಂದು ನಮ್ಮಂತೆ ಥಿಂಕ್ ಟ್ಯಾಂಕ್ (ಸರ್ಕಾರಕ್ಕೆ ನೀತಿ ಸಲಹೆ ಕೊಡುವ ಅಧ್ಯಯನ ಸಂಸ್ಥೆ) ನಡೆಸುವವರೇ ನಕ್ಕಿದ್ದರು. ಐದಾರು ವರ್ಷದಲ್ಲಿ ಹದಿನಾಲ್ಕೋ ಹದಿನೈದೋ ಪ್ರಸ್ತಾವ ಹೀಗೆ ಹಣಕಾಸು ಇಲಾಖೆಗೆ ಕಳಿಸಿದೆವು. ಅವುಗಳಲ್ಲಿ ಮೂರು ಬಜೆಟ್‌ಗೆ ಸೇರಿದವು, ಒಂದಂತೂ ಹೆಚ್ಚುಕಮ್ಮಿ ಅಕ್ಷರಶಃ. ಅದಕ್ಕೆ ಮುಂಚಿನ ದಪ್ಪ ವರದಿಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಕಳಿಸುವುದು ಇಷ್ಟೇ: ಟಿಪ್ಪಣಿ, ಕಾನೂನು ತಿದ್ದುಪಡಿಯ ಕರಡು, ಲೆಕ್ಕದ ಎಕ್ಸೆಲ್ ಹಾಳೆ. ಕರಡು ಎಂದರೆ ಆಶಯ ಅಲ್ಲ. ಯಾವ ಕಲಮಿನಲ್ಲಿ ಯಾವ ಪದ ತೆಗೆದು ಯಾವುದು ಹಾಕಬೇಕು, ಯಾವ ದಿನದಿಂದ ಜಾರಿ ಎನ್ನುವವರೆಗೆ. ಪಿಡಿಎಫ್ ಬೇಡ, ವರ್ಡ್‌ನಲ್ಲಿರಲಿ. ಅದನ್ನು ಎತ್ತಿ ಕಡತಕ್ಕೆ ಅಂಟಿಸುವವರು ಸಚಿವರಲ್ಲ, ಶಾಖೆಯ ಅಧಿಕಾರಿ. ಲೋಗೋ ಹಾಕಿದರೆ ಅಳಿಸುವ ಕೆಲಸ ಅವರ ತಲೆಗೆ.

ಏಟು ತಿಂದದ್ದು ಹೆಚ್ಚಾಗಿ ಲೆಕ್ಕದಲ್ಲಿ. ಜಿಡಿಪಿ ಬೆಳವಣಿಗೆ ಹಣಕಾಸು ಇಲಾಖೆಯದು ಶೇ 6 ಇದ್ದಾಗ ನಾವು ಶೇ 7 ಹಿಡಿದೆವು. ಐದನೇ ವರ್ಷಕ್ಕೆ ನಮ್ಮ ತೆರಿಗೆ ಆದಾಯದ ಅಂದಾಜು ಸುಮಾರು ಶೇ 5ರಷ್ಟು ಉಬ್ಬಿತು, ಮಾತು ಅಲ್ಲಿಗೇ ನಿಂತಿತು. ಈಗ ಇಲಾಖೆಯ ಅಂಕಿಯನ್ನೇ ಹಾಕುತ್ತೇವೆ, ಒಪ್ಪದಿದ್ದರೂ. ಎರಡನೇ ತಪ್ಪು: ದರ 10ರಿಂದ 11ಕ್ಕೆ ಏರಿದರೆ ಆದಾಯವೂ ಶೇ 10 ಏರುತ್ತದೆ ಎಂದು ಬರೆದದ್ದು. ತೆರಿಗೆ ಬೀಳುವ ಮೊತ್ತ ಶೇ 4 ಕುಗ್ಗಿದರೆ ಸಿಗುವ ಏರಿಕೆ ಶೇ 5.6 ಮಾತ್ರ. ಕುಗ್ಗದಿದ್ದರೆ ಎಷ್ಟು, ಕುಗ್ಗಿದರೆ ಎಷ್ಟು, ಎರಡೂ ಸಾಲು ಕಾಣಬೇಕು. ಸೂತ್ರಗಳಿಗೆ ಬೀಗ ಹಾಕಬೇಡಿ. ಅಧಿಕಾರಿ ತಾನೇ ದರ ಬದಲಿಸಿ ನೋಡಿದ ಮೇಲೆ ಆ ಹಾಳೆ ಅವರದಾಗುತ್ತದೆ.

ಇನ್ನು ಕಳಿಸುವ ಹೊತ್ತು. 1971ರಲ್ಲಿ ಅಮೆರಿಕದ ಸೆನೆಟ್ ಸೂಪರ್‌ಸಾನಿಕ್ ವಿಮಾನದ ಅನುದಾನಕ್ಕೆ ಮತ ಹಾಕಿ ಮುಗಿಸಿದ ಮೇಲೆ ಅಲ್ಲಿನ ಥಿಂಕ್ ಟ್ಯಾಂಕ್ ಅಮೆರಿಕನ್ ಎಂಟರ್‌ಪ್ರೈಸ್ ಇನ್‌ಸ್ಟಿಟ್ಯೂಟ್‌ನ ಅಧ್ಯಯನ ಸೆನೆಟರ್‌ಗಳ ಕೈಸೇರಿತು. ಆ ಸಿಟ್ಟಿನಲ್ಲೇ ಅಲ್ಲಿನ ಸಂಸದರ ಸಹಾಯಕರಾಗಿದ್ದ ಫ್ಯೂಲ್ನರ್, ವೈರಿಕ್ 1973ರಲ್ಲಿ ಹೆರಿಟೇಜ್ ಫೌಂಡೇಶನ್ ಎಂಬ ಥಿಂಕ್ ಟ್ಯಾಂಕ್ ಕಟ್ಟಿದರು. ನಾವು ಬಜೆಟ್‌ಗೆ ಐದು ತಿಂಗಳು ಮುಂಚೆ ಕೊಡುತ್ತೇವೆ. ಕೊನೆಯ ಆರು ವಾರದಲ್ಲಿ ಕೊಟ್ಟದ್ದು ಮುಂದಿನ ವರ್ಷಕ್ಕೆ.

ಹಣದ ವಿಷಯ. ಹಿಂದೆ ಹತ್ತರಲ್ಲಿ ಆರೇಳು ಪಾಲು ಮುದ್ರಣ, ಬಿಡುಗಡೆ ಸಮಾರಂಭಕ್ಕೆ ಹೋಗುತ್ತಿತ್ತು. ಈಗ ಅಷ್ಟೂ ದತ್ತಾಂಶಕ್ಕೆ, ಕರಡು ಬರೆಯುವ ವಕೀಲರಿಗೆ. ವಕೀಲರು ಅರ್ಥಶಾಸ್ತ್ರಜ್ಞರಿಗಿಂತ ದುಬಾರಿ. ಸಮಾರಂಭ ಇಲ್ಲವೆಂದು ಒಬ್ಬ ದಾನಿ ಕೈಬಿಟ್ಟರು. ಹಣ ಕೊಟ್ಟವರ ಹೆಸರು ಮೊದಲ ಪುಟದಲ್ಲೇ ಇರಲಿ. ಲಾಭ ಪಡೆಯುವ ಉದ್ಯಮವೇ ಹಣ ಹಾಕಿದೆ ಎಂದು ಆಮೇಲೆ ಗೊತ್ತಾದರೆ ಆ ಪ್ರಸ್ತಾವವಷ್ಟೇ ಅಲ್ಲ, ಹಿಂದಿನವೂ ಮುಳುಗುತ್ತವೆ.

ಒಂದು ಪ್ರಸ್ತಾವವನ್ನು ಎರಡು, ಎಂಟು, ನಲವತ್ತು ಪುಟದಲ್ಲಿ ಬೇರೆ ಬೇರೆ ಮೇಜಿಗೆ ಕಳಿಸಿ ನೋಡಿದ್ದೂ ಇದೆ. ಎರಡು ಪುಟಕ್ಕೆ ಫೋನಿನಲ್ಲಿ ಪ್ರಶ್ನೆಗಳು ಬಂದವು, ನಲವತ್ತಕ್ಕೆ ಧನ್ಯವಾದ ಪತ್ರ. ಅದೇ ವಾರ ಒಂದು ಪತ್ರಿಕೆಯಲ್ಲಿ ನಾವು ಲೇಖನ ಬರೆದದ್ದು ಮಾತ್ರ ಕೆಟ್ಟಿತು: ವಿರೋಧ ಪಕ್ಷ ಅದನ್ನು ಎತ್ತಿಕೊಂಡ ಮೇಲೆ ಇಲಾಖೆ ಮುಟ್ಟಲಿಲ್ಲ.

ದಪ್ಪ ಪುಸ್ತಕದ ಪರ ಇರುವವರು ಅಮೆರಿಕದ ಹೊಸ ಸರ್ಕಾರಕ್ಕೆಂದು ಹೆರಿಟೇಜ್ ಬರೆದ 1981ರ ‘ಮ್ಯಾಂಡೇಟ್ ಫಾರ್ ಲೀಡರ್‌ಶಿಪ್’ ತೋರಿಸುತ್ತಾರೆ. ಸಾವಿರಕ್ಕೂ ಹೆಚ್ಚು ಪುಟ, ಸುಮಾರು 2,000 ಶಿಫಾರಸು, ಶೇ 60ರಷ್ಟು ಜಾರಿ ಇಲ್ಲವೇ ಆರಂಭ. ಎಣಿಸಿದ್ದು ಸಂಸ್ಥೆಯೇ, ಆಗಿನ ಅಧ್ಯಕ್ಷ ರೇಗನ್ ತಂಡ ಹೇಗೂ ಮಾಡಲಿದ್ದದ್ದೆಷ್ಟು ಎಂದು ಆ ಲೆಕ್ಕ ಹೇಳುವುದಿಲ್ಲ. ಹಾಗಾಗಿ, ಬಜೆಟ್‌ಗೆ ಸೇರಿದ್ದು ನಮ್ಮದೇ ಎಂದು ತಿಳಿಯಲು, ನಮ್ಮ ಪ್ರತಿ ಕರಡಿನಲ್ಲೂ ಗುರುತಿಗೆ ಒಂದು ವಿಚಿತ್ರ ಪದಜೋಡಣೆ ಇರುತ್ತದೆ. ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಮೂರನೇ ಸಲ ಅದು ಬಜೆಟ್‌ನ ಅನುಬಂಧದಲ್ಲಿ ನಮ್ಮ ತಪ್ಪು ಅಲ್ಪವಿರಾಮದ ಸಮೇತ ಸಿಕ್ಕಿತು.